ಮೂಗು ಕಟ್ಟಿದ ಕಳ್ಳ

ಮಲ್ಲಾಜಮ್ಮನಿಗೆ ಓದು ಬರುವುದು ಬಸ್ಸಿನ ಬೋರ್ಡಿನಷ್ಟು. ಆದರೂ ಪತ್ತೇದಾರಿ ಕಾದಂಬರಿಯ ವಿಷಯದಲ್ಲಿ ಅವಳನ್ನು ಮೀರಿಸುವವರು ಬೆಟ್ಟದಪುರದ ಸುತ್ತ ಯಾರೂ ಇರಲಿಲ್ಲ. ಹೊಗೆಸೊಪ್ಪು ವಿಂಗಡಿಸುವ ಶೆಡ್ಡಿನಲ್ಲಿ ಪಕ್ಕದ ಮನೆ ರಾಧಾ ಓದುವಳು, ಹೆಂಗಸರು ಕೇಳುವರು. ಈ ಚಳಿಗಾಲಕ್ಕೆ ಸಿಕ್ಕಿದ್ದ ಕತೆಯೂ ಚಳಿಯದೇ. ಒಂದು ಹಳ್ಳಿ, ಮಂಜು, ಕೊಲೆ. ಪತ್ತೇದಾರ ಮಾತ್ರ ಪುಟಗಟ್ಟಲೆ ಸಿಗರೇಟು ಸೇದಿ ಯೋಚಿಸುತ್ತಲೇ ಇದ್ದ.

"ಇವ್ನಿಗೆ ಸಂಬ್ಳ ದಂಡ ಕಣೇ," ಅಂದಳು ಮಲ್ಲಾಜಮ್ಮ. "ನಾನಾಗಿದ್ರೆ ಒಲೆ ಮೇಲೆ ಎಸ್ರಿಟ್ಟು ಓಗಿ, ಮುದ್ದೆ ತೊಳ್ಸೋ ಒತ್ಗೆ ಕಳ್ಳನ್ನ ಇಡ್ಕೊಂಡು ಬತ್ತಿದ್ದೆ!"

ಮಾರನೆ ದಿನವೇ ಅವಳ ಮನೆಯಲ್ಲಿ ಕಳ್ಳತನವಾಯಿತು.

ಹೋದದ್ದು ಗಂಡ ಚಲುವರಾಜುವಿನ ಕಂಬಳಿ. ಅವನು ತೀರಿಕೊಂಡು ವರ್ಷ ತುಂಬಿರಲಿಲ್ಲ. ಕಂಬಳಿಯನ್ನು ಅವಳು ಒಗೆದೇ ಇರಲಿಲ್ಲ. ಬೀಡಿ, ಬೆವರು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಗೂಡಿನ ಹೊಗೆ, ಎಲ್ಲ ಅದರಲ್ಲೇ ಇತ್ತು. ಅವನಿದ್ದಾಗ "ಅತ್ಲಾಗ್ ಮಲೀಕೋ" ಎಂದು ಬೈಯುತ್ತಿದ್ದಳು. ಈಗ ಅದನ್ನು ಮೂಗಿಗೆ ಹಿಡಿಯದೆ ನಿದ್ದೆ ಹತ್ತುತ್ತಿರಲಿಲ್ಲ. ತಿಗಣೆಯಾಯಿತೆಂದು ಬಿಸಿಲಿಗೆ ಬೇಲಿಯ ಮೇಲೆ ಹಾಕಿದ್ದಳು. ತೆಗೆಯಲು ಹೋದರೆ ಬೇಲಿ ಮಾತ್ರ ಇತ್ತು.

ಪಕ್ಕದಲ್ಲೇ ಒಗೆದು ಹಾಕಿದ್ದ ಹೊಸ ಬೆಡ್‌ಶೀಟು ಹಾಗೇ ಇತ್ತು. ಮಲ್ಲಾಜಮ್ಮ ಸೊಂಟಕ್ಕೆ ಕೈಯಿಟ್ಟು ಯೋಚಿಸಿದಳು. ಸಿಗರೇಟು ಬೇಕಾಗಲಿಲ್ಲ. ಘಮ್ಮನ್ನುವ ಬೆಡ್‌ಶೀಟು ಬಿಟ್ಟು ಗಬ್ಬು ಕಂಬಳಿ ಒಯ್ದಿದ್ದಾನೆ ಅಂದರೆ ಕಳ್ಳನಿಗೆ ವಾಸನೆ ತಿಳಿಯುವುದಿಲ್ಲ. ಅಂದರೆ ಮೂಗು ಕಟ್ಟಿದೆ. ನೆಗಡಿಯಾದವನೇ ಕಳ್ಳ!

ಕಷ್ಟವೆಂದರೆ ಅದು ಪುಷ್ಯಮಾಸ. ಊರಿಗೆ ಊರೇ ಸೀನುತ್ತಿತ್ತು.

ಮೊದಲು ಸಿಕ್ಕವಳು ಬಟ್ಟೆ ಹೊಲಿಯುವ ಬಷೀರಾಬಿ.

"ಎಲ್ಲಿ, ಉಸ್ರು ಎಳಿ ನೋಡಾನ."

"ಯಾಕಮ್ಮ?"

"ಇಚಾರಣೆ."

ಬಷೀರಾಬಿ ಎಳೆದಳು. ಗೊರಗೊರ ಅಂದಿತು.

"ಕಂಬ್ಳಿ ಎಲ್ಲಿಟ್ಟಿದ್ದೀಯ?"

"ಯಾ ಅಲ್ಲಾ! ನೆಗಡಿ ಆದೋರೆಲ್ಲ ಕಳ್ರಾದ್ರೆ ಸ್ಟೇಷನ್ ಸಾಕಾಗಲ್ಲ ಕಣಮ್ಮ, ಸಂತೆಮಾಳನೇ ಬೇಕು. ನಿನ್ ಮೂಗೂ ಸುರೀತದೆ, ಮೊದ್ಲು ನಿನ್ನೇ ಇಡ್ಕೋ!"

"ನಂದು ಬೇರೆ," ಅಂದಳು ಮಲ್ಲಾಜಮ್ಮ. ಅವಳದು ನೆಗಡಿಯಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಬೆಟ್ಟವೇ ಕಾಣದಷ್ಟು ಮಂಜು. ನಿದ್ದೆಗೆಟ್ಟ ಮಲ್ಲಾಜಮ್ಮ ದೊಣ್ಣೆ ಹಿಡಿದು ಕಳ್ಳನನ್ನು ಹುಡುಕಿ ಹೊರಟಳು. ಸಣ್ಣಬೀರಯ್ಯನ ಅವರೆ ಹೊಲದ ಹತ್ತಿರ ಬಂದವಳು ನಿಂತುಬಿಟ್ಟಳು. ಮಂಜಿನೊಳಗೆ ಒಬ್ಬ ನಿಂತಿದ್ದ. ತಲೆಯ ಮೇಲಿಂದ ಅದೇ ಕಂಬಳಿ. ಅದೇ ಇಳಿಬಿದ್ದ ಭುಜ. ಗಾಳಿ ಬೀಸಿತು. ಅದೇ ವಾಸನೆ.

ದೊಣ್ಣೆ ಕೈಜಾರಿತು. ಪತ್ತೇದಾರಿಕೆಯೂ ಜಾರಿತು.

"ಎಲ್ಲೋಗಿದ್ದೆ ಇಷ್ಟ್ ದಿನ? ಏಳ್ದೆ ಕೇಳ್ದೆ ಓಗೋದಾ? ಈ ಚಳೀಲಿ ಇಲ್ಲೇನ್ ನಿಂತಿದ್ದಿ, ನಡಿ ಮನೆಗೆ!"

ಕೈ ಹಿಡಿದು ಎಳೆದಳು. ಕೈ ಬಂತು. ಜೊತೆಗೆ ಹುಲ್ಲೂ ಬಂತು.

"ಅವ್ವೋ, ಕೀಳ್ಬೇಡ!" ಸಣ್ಣಬೀರಯ್ಯ ಓಡಿ ಬಂದ. ಅದು ಅವನು ನೆಟ್ಟ ಬೆದರುಬೊಂಬೆ.

ಮಲ್ಲಾಜಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ವಿಚಾರಣೆ ಬಿಡುವ ಹಾಗಿರಲಿಲ್ಲ.

"ಕಳ್ ನನ್ಮಗ್ನೆ, ನಿಂಗೆ ನೆಗಡಿಯಾ?"

"ಇಲ್ಲ ಕಣವ್ವ. ಮೂಗು ಚೆನ್ನಾಗೇ ಅದೆ. ಅದ್ಕೇ ಇದ್ನೇ ತಂದೆ."

"ಅಂಗಂದ್ರೆ?"

"ಒಗ್ದಿರೋ ಬಟ್ಟೆಗೆ ಕಾಡಂದಿಗಳು ಕ್ಯಾರೆ ಅನ್ನಲ್ಲ. ಮನುಷ್ಯನ ಮೈ ವಾಸ್ನೆ ಬೇಕು. ನನ್ ಅಂಗಿ ಆಕಿದ್ದೆ, ಅದ್ರ ಮೇಲೇ ಒಳ್ಳಾಡ್ಕಂಡು ಓದ್ವು. ಚಲುವಣ್ಣನ್ ಕಂಬ್ಳಿ ಒದಿಸ್ದೆ ನೋಡು, ಒಂದೂ ಇತ್ಲಾಗ್ ಬರ್ನಿಲ್ಲ. ಅವ್ನು ಸತ್ರೂ ಎದರ್ತವೆ."

"ಕೇಳಕ್ಕೇನಾಗಿತ್ತು?"

"ಕೇಳಿದ್ರೆ ಕೊಡ್ತಿದ್ದಾ?"

"ಇಲ್ಲ."

ಕಾಯಿ ತುಂಬಿದ ಅವರೆ ಸಾಲು ಇಬ್ಬನಿಯಲ್ಲಿ ಬಾಗಿತ್ತು. ಸಣ್ಣಬೀರಯ್ಯ ನಿಟ್ಟುಸಿರು ಬಿಟ್ಟ. "ತಕ್ಕೊಂಡೋಗವ್ವ. ಅವ್ರೆಕಾಯಿ ಓದ್ರೆ ಓಯ್ತು."

ಮಲ್ಲಾಜಮ್ಮ ಕಂಬಳಿ ಬಿಚ್ಚಿ ಎದೆಗೆ ಅವಚಿಕೊಂಡು ಹೊರಟಳು. ನಾಲ್ಕು ಹೆಜ್ಜೆ ಹೋಗಿ ತಿರುಗಿದಳು.

"ಮನೆತಕ್ಕೆ ಬಾ. ಅವನ್ ಪಟಾಪಟಿ ಚಡ್ಡಿ ಒಂದದೆ, ಅದ್ನೂ ಒಗ್ದಿಲ್ಲ. ಅದ್ಕೆ ಅಂದಿ ಇರ್ಲಿ, ಆನೆನೂ ಬರಾಕಿಲ್ಲ."