ನೀಲ ಕಾದ ಬೀಗರೂಟ

...ಅಥವಾ ಟಗರುಗಳು ಮೂರಿದ್ದವೋ ಏನೋ. ನಾನು ಎರಡು ಎನ್ನುತ್ತೇನೆ, ಹೆಂಡತಿ ಸಾವಿತ್ರಿ ಮೂರು ಎನ್ನುತ್ತಾಳೆ. ತಂಗಿಯ ಮದುವೆಯಾದದ್ದು ತೊಂಬತ್ತನಾಲ್ಕರಲ್ಲೋ ತೊಂಬತ್ತೈದರಲ್ಲೋ ಎಂಬುದರಲ್ಲೂ ನಮಗೆ ಒಮ್ಮತವಿಲ್ಲ. ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನನಗೆ ನೆನಪಾಗುವುದು ನಡೆದದ್ದಲ್ಲ, ಹೋದ ಸಲ ನಾನು ಹೇಳಿದ್ದು. ನಾಯಿ ಮಾತ್ರ ಒಂದೇ ಇತ್ತು. ಅದರಲ್ಲಿ ಅನುಮಾನವಿಲ್ಲ.

ಅದನ್ನು ಕೊಟ್ಟವರು ಶ್ರೀರಂಗಪಟ್ಟಣದಲ್ಲಿದ್ದ ನಿವೃತ್ತ ಮೇಜರ್ ಒಬ್ಬರು. ಊರು ಬಿಟ್ಟು ಮಗಳ ಮನೆಗೆ ಹೊರಟಿದ್ದರು. ಆಸ್ಟ್ರೇಲಿಯಾದ ದನ ಕಾಯುವ ತಳಿ. ಒಲೆಯ ಬೂದಿಯಲ್ಲಿ ಹೊರಳಿ ಎದ್ದಂಥ ನೀಲಿ ಮೈ, ನೆಟ್ಟಗಿನ ಕಿವಿ. ಹೆಸರು ನೀಲ.

"ಮೈ ಬಾಚ್ತಾ ಇರಿ, ಕೂದಲು ಬಹಳ ಉದುರುತ್ತೆ. ಉಗುರು ಕತ್ತರಿಸಿ. ಮುದ್ದೆ ಜಾಸ್ತಿ ಹಾಕಬೇಡಿ, ದಪ್ಪ ಆಗ್ತಾನೆ. ಸುಮ್ಮನೆ ಮಾತ್ರ ಕೂರಿಸಬೇಡಿ. ನೀವು ಕೆಲಸ ಕೊಡದಿದ್ದರೆ ಅವನೇ ಹುಡುಕಿಕೊಳ್ತಾನೆ" ಎಂದರು.

ವಯಸ್ಸೆಷ್ಟು ಎಂದು ಕೇಳಿದೆ.

"ನನಗೆ ಕೊಟ್ಟವರೂ ಸರಿಯಾಗಿ ಹೇಳಲಿಲ್ಲ. ಈ ತಳಿ ಹದಿನೈದು ವರ್ಷ ಸಲೀಸಾಗಿ ಬಾಳುತ್ತೆ."

ನೀಲನ ಮೂತಿ ಆಗಲೇ ನರೆತಿತ್ತು. ಒಂದೆರಡು ವರ್ಷದ ಅತಿಥಿ, ಪುಣ್ಯದ ಕೆಲಸ ಎಂದುಕೊಂಡು ನಮ್ಮೂರು ಅರಕೆರೆಗೆ ಕರೆತಂದೆ.

"ನಿಮ್ಗೇ ಒಂದು ಕೆಲ್ಸ ಇಲ್ಲ. ಇನ್ನು ಅದುಕ್ಕೆ ಎಲ್ಲಿಂದ ತರ್ತೀರಾ?" ಎಂದಳು ಸಾವಿತ್ರಿ.

ಕೆಲಸ ತಾನಾಗಿಯೇ ಬಂತು. ತಂಗಿಯ ಮದುವೆ ಮುಗಿದು ಬೀಗರೂಟ ಬಾಕಿ ಇತ್ತು. ನಮ್ಮ ಕಡೆ ಮದುವೆಯಲ್ಲಿ ಏನು ಕಡಿಮೆಯಾದರೂ ಕ್ಷಮೆಯುಂಟು. ಬೀಗರೂಟದಲ್ಲಿ ಗಂಡಿನ ಕಡೆಯವರ ಎಲೆಗೆ ಬಾಡು ಕಡಿಮೆಯಾದರೆ, ಹೆಣ್ಣುಮಗಳು ಅದನ್ನು ಅತ್ತೆಮನೆಯಲ್ಲಿ ಮುಪ್ಪಾಗುವವರೆಗೆ ಕೇಳಿಸಿಕೊಳ್ಳಬೇಕು. ಆದ್ದರಿಂದ ಬೂಕನಕೆರೆಯಿಂದ ಮುಂಚಿತವಾಗಿಯೇ ಟಗರು ತಂದು, ಮೇಯಿಸಿ ಕೊಬ್ಬಿಸುವ ಉಸ್ತುವಾರಿಯನ್ನು ನೀಲನಿಗೆ ವಹಿಸಿದೆ.

ಅವನು ಪುಟಿದೆದ್ದ. ಬೆಳಿಗ್ಗೆ ಟಗರುಗಳನ್ನು ನಾಲೆ ಏರಿಗೆ ಹೊಡೆದುಕೊಂಡು ಹೋಗಿ, ಹೊತ್ತು ಇಳಿಯುವಾಗ ತಾನೇ ಕರೆತರುತ್ತಿದ್ದ. ಬೊಗಳುವುದಿಲ್ಲ, ಕಚ್ಚುವುದಿಲ್ಲ. ಹಿಂದಿನಿಂದ ಬಂದು ಹಿಮ್ಮಡಿಗೆ ಹಲ್ಲು ತಾಗಿಸುತ್ತಾನೆ, ಅಷ್ಟೇ. ಬೇರೆ ಯಾರಾದರೂ ಟಗರು ಮುಟ್ಟಲು ಬಂದರೆ ಅಡ್ಡ ನಿಲ್ಲುವಂತೆ ನಾನೇ ಕಲಿಸಿದೆ. ಸರಿಯಾಗಿ ನಿಂತಾಗಲೆಲ್ಲ ಬೆಲ್ಲದ ಚೂರು ಕೊಟ್ಟೆ. ಊರವರನ್ನು ಕರೆದು ತೋರಿಸಿದೆ. ನನ್ನ ಪಾಂಡಿತ್ಯಕ್ಕೆ ನಾನೇ ತಲೆದೂಗಿದೆ.

ಬೀಗರೂಟದ ಬೆಳಿಗ್ಗೆ ಶ್ರೀರಂಗಪಟ್ಟಣದಿಂದ ಮಟನ್ ಅಂಗಡಿಯ ಖಾದರ್ ಮೊಪೆಡ್ಡಿನಲ್ಲಿ ಬಂದ. ಚೀಲದಿಂದ ಕತ್ತಿ ತೆಗೆದು ಟಗರಿನ ಕಡೆ ಹೆಜ್ಜೆ ಇಟ್ಟ. ನೀಲ ಅಡ್ಡ ಬಂದ. ಮರುಕ್ಷಣ ಖಾದರ್ ಅಂಗಳದಲ್ಲಿದ್ದ ಟ್ರಾಕ್ಟರಿನ ಟ್ರೈಲರ್ ಮೇಲಿದ್ದ.

"ಯಾ ಅಲ್ಲಾ! ಗೌಡ್ರೇ, ತಡಿಯೋಕೆ ಕಲಿಸ್ಬುಟ್ರಿ, ಬುಡೋಕೆ ಕಲಿಸಿದ್ರಾ?"

ಕಲಿಸಿರಲಿಲ್ಲ.

ನೀಲನನ್ನು ಕಟ್ಟಿಹಾಕಲು ಹಗ್ಗ ತಂದೆ. ಅವನು ಒಮ್ಮೆ ನನ್ನನ್ನು ನೋಡಿದ, ಒಮ್ಮೆ ಖಾದರನನ್ನು ನೋಡಿದ. ನಂತರ ಟಗರುಗಳನ್ನು ಒಟ್ಟುಗೂಡಿಸಿ ಪಕ್ಕದ ಕಬ್ಬಿನ ಗದ್ದೆಗೆ ನುಗ್ಗಿಸಿದ. ಆಳೆತ್ತರ ಮೀರಿದ ಕಬ್ಬು. ನಾವು ಒಳಹೊಕ್ಕು ಹುಡುಕಿದೆವು. ನನಗೆ ಸಿಕ್ಕಿದ್ದು ಖಾದರ್, ಖಾದರನಿಗೆ ಸಿಕ್ಕಿದ್ದು ನಾನು.

"ಅಂಗಡೀಗೆ ಓಗಿ ಮಟನ್ ತತ್ತೀನಿ. ಬೀಗ್ರುನ್ನ ಇಡ್ಕೊಳಿ" ಎಂದು ಮೊಪೆಡ್ ಹತ್ತಿದ ಖಾದರ್.

ಬೀಗರು ನಾಗಮಂಗಲ ಕಡೆಯಿಂದ ಸ್ಪೆಷಲ್ ಬಸ್ಸಿನಲ್ಲಿ ಬಂದಿಳಿದರು. ಶಾಮಿಯಾನದಲ್ಲಿ ಕೂತು ಮಜ್ಜಿಗೆ ಕುಡಿದರು. ಮತ್ತೆ ಮಜ್ಜಿಗೆ ಕುಡಿದರು. ಹುಡುಗನ ದೊಡ್ಡಪ್ಪ ನಂಜೇಗೌಡರು ಮೂಗರಳಿಸಿ ಗಾಳಿ ಪರೀಕ್ಷಿಸಿದರು.

"ಏನ್ಲಾ ಬೀಗ, ಮಸಾಲೆ ವಾಸ್ನೇನೇ ಇಲ್ಲ? ಒಲೆ ಮ್ಯಾಲೆ ಬರೀ ನೀರು ಕಾಯ್ತಾ ಅದೆ?"

"ತಾಂತ್ರಿಕ ಕಾರಣದಿಂದ ಸ್ವಲ್ಪ ವಿಳಂಬವಾಗಿದೆ" ಎಂದೆ.

"ಅಂಗಂದ್ರೆ?"

"ಟಗರು ಕಬ್ಬಿನ ಗದ್ದೇಲವೆ, ಅಂಗಂದ್ರೆ" ಎಂದಳು ಸಾವಿತ್ರಿ ಒಳಗಿನಿಂದ.

ಅರ್ಧ ಚಪ್ಪರ ನಕ್ಕಿತು. ಇನ್ನರ್ಧ ನಗಲಿಲ್ಲ. ನಂಜೇಗೌಡರು ನಗದ ಅರ್ಧದಲ್ಲಿದ್ದರು. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

"ಎದ್ದೇಳ್ರಲಾ, ಓಗವ. ಇವ್ನು ಬಾಡು ಬೇಯ್ಸೋ ಒತ್ಗೆ ನಮ್ಮೂರ್ ಬಸ್ಸು ಓಗಿರ್ತದೆ."

"ನಮ್ದೇ ಬಸ್ಸಲ್ವಾ ದೊಡ್ಡಪ್ಪ?" ಎಂದ ಯಾರೋ. ಕೋಪಕ್ಕೆ ಅಂಥ ವಿವರ ಬೇಕಿರಲಿಲ್ಲ. ಬೀಗರು ಒಬ್ಬೊಬ್ಬರಾಗಿ ಎದ್ದು ಬಸ್ಸಿನ ಕಡೆ ಹೊರಟರು. ಗಂಡನ ಪಕ್ಕ ಕೂತಿದ್ದ ತಂಗಿ ತಲೆ ಎತ್ತಲಿಲ್ಲ. ಆ ಬಗ್ಗಿದ ತಲೆ ಮಾತ್ರ ನನಗೆ ಖಂಡಿತ ನೆನಪಿದೆ. ಅದು ನಾನು ಕಥೆಗೆಂದು ಕಟ್ಟಿದ್ದಲ್ಲ.

ಆಗ ನೀಲ ಬಂದ. ಟಗರುಗಳನ್ನು ಕಬ್ಬಿನಲ್ಲಿ ಭದ್ರವಾಗಿಟ್ಟು ಒಬ್ಬನೇ ಬಂದಿದ್ದ. ನೋಡುತ್ತಾನೆ, ಅಂಗಳದಲ್ಲಿ ಒಂದು ಮಂದೆ ಚದುರುತ್ತಿದೆ! ಮೈ ತಗ್ಗಿಸಿ ಸುತ್ತು ಹಾಕಿದ. ಬಸ್ಸಿನ ಮೆಟ್ಟಿಲ ಮೇಲಿದ್ದ ನಂಜೇಗೌಡರ ಹಿಮ್ಮಡಿಗೆ ಮೆಲ್ಲಗೆ ಹಲ್ಲು ತಾಗಿಸಿದ. ಅವರು ಎಡಕ್ಕೆ ತಿರುಗಿದರು, ನೀಲ ಎಡಕ್ಕೆ ಬಂದ. ಬಲಕ್ಕೆ ತಿರುಗಿದರು, ಬಲಕ್ಕೆ ಬಂದ. ದಾರಿ ಇದ್ದದ್ದು ಶಾಮಿಯಾನಕ್ಕೆ ಮಾತ್ರ. ನಂಜೇಗೌಡರು ಪಂಚೆ ಎತ್ತಿಕೊಂಡು ಗಂಭೀರವಾಗಿ ಮರಳಿದರು. ಹಿಂದೆ ಇಡೀ ನಾಗಮಂಗಲ ಮರಳಿತು. ಎಲ್ಲರೂ ಕೂತಮೇಲೆ ನೀಲ ಬಾಗಿಲಿಗೆ ಅಡ್ಡ ಮಲಗಿ, ಬೆಲ್ಲಕ್ಕಾಗಿ ನನ್ನ ಕಡೆ ನೋಡಿದ.

ಕೊಟ್ಟೆ.

ಖಾದರ್ ಬಂದ, ಬಾಡು ಬೆಂತು. ಸಂಜೆಯಾಗುವ ಹೊತ್ತಿಗೆ ಹಸಿದಿದ್ದ ಬೀಗರು ಉಂಡಷ್ಟನ್ನು, ಮಧ್ಯಾಹ್ನವೇ ಬಡಿಸಿದ್ದರೆ ಉಣ್ಣುತ್ತಿರಲಿಲ್ಲ. ನಂಜೇಗೌಡರು ಮೂಳೆಯೊಂದನ್ನು ತೆಗೆದು ನೀಲನಿಗೆ ಎಸೆದರು.

"ಲೇ ಬೀಗ, ಈಪಾಟಿ ಬಲವಂತ ಮಾಡಿ ಯಾರೂ ನನ್ನ ಊಟಕ್ಕೆ ಕೂರ್ಸಿರ್ನಿಲ್ಲ ಕಣ್ಲಾ!"

ತಂಗಿ ಆಗ ತಲೆ ಎತ್ತಿದಳು. ನಗುತ್ತಿದ್ದಳು.

ಟಗರುಗಳಿಗೆ ಆಮೇಲೆ ಕತ್ತಿ ತೋರಿಸುವ ಧೈರ್ಯ ಯಾರಿಗೂ ಬರಲಿಲ್ಲ. ಒಂದೆರಡು ವರ್ಷದ ಅತಿಥಿ ನೀಲ, ತಂಗಿಯ ಮಗ ಶಾಲೆಗೆ ಸೇರಿದಮೇಲೂ ಇದ್ದ. ರಜೆಗೆ ಬಂದ ಹುಡುಗನನ್ನು ನಾಲೆಯಿಂದ ಮನೆಗೆ ಹೊಡೆದುಕೊಂಡು ಬರುತ್ತಿದ್ದ. ನಾನು ನೀಲನ ಮೈ ಬಾಚುತ್ತಿದ್ದೆ, ಉಗುರು ಕತ್ತರಿಸುತ್ತಿದ್ದೆ, ಅವನು ನನ್ನ ಹಿಮ್ಮಡಿ ಮುಟ್ಟಿ ಏರಿಯ ಮೇಲೆ ನಡೆಸುತ್ತಿದ್ದ. "ಸದ್ಯ, ನಿಮ್ಗೂ ಒಂದು ಕೆಲ್ಸ ಸಿಕ್ತು" ಎನ್ನುತ್ತಿದ್ದಳು ಸಾವಿತ್ರಿ.

ನೀಲನ ವಯಸ್ಸೆಷ್ಟೆಂದು ಕೊನೆಗೂ ತಿಳಿಯಲಿಲ್ಲ. ಬೀಗರು ಅಂದು ಉಳಿದದ್ದು ನನ್ನ ಮೇಲಿನ ಗೌರವಕ್ಕೋ, ತಮ್ಮ ಹಿಮ್ಮಡಿಯ ಮೇಲಿನ ಆಸೆಗೋ ಎಂಬುದೂ ನನಗೆ ಗೊತ್ತಿಲ್ಲ. ನಂಜೇಗೌಡರನ್ನು ಕೇಳಬಹುದಿತ್ತು. ಕೇಳಲಿಲ್ಲ.