ಹೊಸ ಸಾಫ್ಟ್‌ವೇರ್ ಬೇಕೋ ಬ್ಯಾಡೋ

ಪ್ರೆಸ್ಸಿನಲ್ಲಿ ಇಪ್ಪತ್ತು ವರ್ಷ ಕೂತವನಿಗೆ ಇಂಥವು ಆಗುತ್ತಲೇ ಇರುತ್ತವೆ. ಆಗದ ದಿನ ನಾನೇ ಒಂದಿಷ್ಟು ಆಗುವ ಹಾಗೆ ಮಾಡಿರುತ್ತೇನೆ. ಕೆಳಗಿನದರಲ್ಲಿ ಮುಕ್ಕಾಲು ಪಾಲು ಖರೇ. ಉಳಿದದ್ದೂ ಖರೇ ಆಗಬಹುದಿತ್ತು.

ಗೋಕುಲ ರಸ್ತೆಯ ನಮ್ಮ ಪ್ರೆಸ್ಸಿನಲ್ಲಿ ಪುಟ ಜೋಡಿಸಿ ಅಚ್ಚಿನ ಪ್ಲೇಟಿಗೆ ಕಳಿಸುವ ಕೆಲಸ ನನ್ನದು. ಅದಕ್ಕೊಂದು ಸಾಫ್ಟ್‌ವೇರ್ ಇದೆ, ಬಲು ಹಳೆಯದು. ಅದನ್ನು ನಡೆಸಲು ಬರುವುದು ಇಡೀ ಹುಬ್ಬಳ್ಳಿಯಲ್ಲಿ ನನಗೊಬ್ಬನಿಗೆ. ನಾನು ಒಂದು ದಿನ ರಜೆ ಹಾಕಿದರೆ ಮಾಲಕರು ಮನೆಗೇ ಬಂದು ಹಣೆ ಮುಟ್ಟಿ ಜ್ವರ ನೋಡುತ್ತಾರೆ. ಹೊಸದು ಬಂದರೆ ಯಾರು ಬೇಕಾದರೂ ನಡೆಸಬಹುದು. ಆಮೇಲೆ ನನ್ನ ಜ್ವರ ನನಗಷ್ಟೇ. ಆದ್ದರಿಂದ ಹೊಸದು ಬರಬಾರದು ಎಂಬುದು ನನ್ನ ಪ್ರಾಮಾಣಿಕ ತಾಂತ್ರಿಕ ಅಭಿಪ್ರಾಯವಾಗಿತ್ತು.

೧. ಕಚ್ಚಾ ಪ್ರೂಫ್

ಶಿರಗುಪ್ಪಿಯ ಯಜಮಾನರೊಬ್ಬರು ಮಗಳ ಲಗ್ನಪತ್ರಿಕೆಯನ್ನು ಮೊಬೈಲಿನಲ್ಲಿ ತಂದಿದ್ದರು. ಅಳಿಯ ಆಗುವವನೇ ಟೈಪ್ ಮಾಡಿದ್ದಂತೆ. ನಮ್ಮ ಸಾಫ್ಟ್‌ವೇರಿಗೆ ಈ ಕಾಲದ ಕನ್ನಡ ಫಾಂಟು ಒಗ್ಗುವುದಿಲ್ಲ. ತೆರೆದರೆ ಪುಟದ ತುಂಬ ಬರೀ ಚೌಕ, ಗೆರೆ, ಪ್ರಶ್ನಾರ್ಥಕ ಚಿಹ್ನೆ. ಅದನ್ನೇ ಪ್ರಿಂಟ್ ತೆಗೆದು ಕೈಗೆ ಕೊಟ್ಟೆ.

“ಇದೇನ್ರಿ ಇದು?”

“ಕಚ್ಚಾ ಪ್ರೂಫ್ ರೀ, ಯಜಮಾನ್ರ. ಮೊದಲ ಹಿಂಗ ಇರ್ತೈತಿ. ತಪ್ಪಿದ್ರ ಗುರುತು ಹಾಕ್ರಿ.”

ಕನ್ನಡಕ ಹಾಕಿಕೊಂಡು ಅರ್ಧ ತಾಸು ಕೂತರು. ಸಾಲು ಸಾಲಿಗೆ ಬೆರಳಿಟ್ಟು ನೋಡಿದರು. ಕೊನೆಗೆ ಒಂದು ಚೌಕದ ಸುತ್ತ ಪೆನ್ನು ಎಳೆದು ಹೇಳಿದರು:

“ಉಳಿದದ್ದೆಲ್ಲಾ ಬರೋಬ್ಬರಿ ಐತಿ. ಸ್ವಾದರಮಾವನ ಹೆಸರು ಕೆಳಗ ಬಿದ್ದೈತಿ, ಅದಷ್ಟು ಮ್ಯಾಲ ತಗೋರಿ. ಇಲ್ಲಾಂದ್ರ ಅಂವ ಲಗ್ನಕ್ಕ ಬರಂಗಿಲ್ಲ.”

೨. ಹಸಿರು ಗುರುತು

ಇದನ್ನು ಕೌಂಟರಿನಿಂದ ನೋಡಿದವರು ಮಾಲಕರ ಹೆಂಡತಿ. ಆರ್ಡರ್ ಹಿಡಿಯುವವರು ಅವರೇ. ನಾವೆಲ್ಲ ವೈನಿ, ಅಂದರೆ ಅತ್ತಿಗೆ, ಅನ್ನುತ್ತೇವೆ. “ಇನ್ನ ಸಾಕು” ಎಂದವರೇ ಮರುದಿನ ಹೊಸ ಸಾಫ್ಟ್‌ವೇರ್ ಮಾರುವವನನ್ನು ಕರೆಸಿದರು.

ಟೈ ಕಟ್ಟಿಕೊಂಡು ಬಂದ. ಪ್ಲೇಟಿಗೆ ಹೋಗುವ ಮೊದಲೇ ತನ್ನ ಸಾಫ್ಟ್‌ವೇರ್ ಎಲ್ಲ ತಪ್ಪು ಹಿಡಿಯುತ್ತದೆ ಎಂದ. ಪರೀಕ್ಷೆಗೆ ನಾನೊಂದು ಲಗ್ನಪತ್ರಿಕೆ ಕೊಟ್ಟೆ. ಕೊಡುವ ಮೊದಲು ವರನ ಹೆಸರಿನ ಮೇಲೆ ವಧುವಿನ ಫೋಟೋ, ವಧುವಿನ ಹೆಸರಿನ ಮೇಲೆ ವರನ ಫೋಟೋ ಕೂರಿಸಿದ್ದೆ. ಸಾಫ್ಟ್‌ವೇರ್ ಕ್ಷಣಹೊತ್ತು ಯೋಚಿಸಿ ಹಸಿರು ಗುರುತು ತೋರಿಸಿತು. ಒಂದೂ ತಪ್ಪಿಲ್ಲ.

ಮಾಲಕರು ಬಗ್ಗಿ ನೋಡಿದರು. “ಈ ಮೀಸಿ ಇದ್ದಾಕಿ ಯಾರಪಾ?”

ಮಾರುವವನು ಬೆವರು ಒರೆಸಿಕೊಂಡ. “ಸರ್, ಇದು ಫೋಟೋ ಮಸುಕೈತೋ ಇಲ್ಲೋ ನೋಡ್ತೈತ್ರಿ. ಗಂಡೋ ಹೆಣ್ಣೋ ನೋಡಂಗಿಲ್ಲ.”

“ನಮ್ಮ ಕಡೆ ಮಂದಿ ಮೊದಲ ಅದನ್ನ ನೋಡ್ತಾರ,” ಅಂದರು ಮಾಲಕರು.

೩. ದೇವರ ಮುಂದೆ

ಆದರೂ ವೈನಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ನಡುವೆ ಸಿಕ್ಕ ಮಾಲಕರು ತಮ್ಮ ಹಳೇ ದಾರಿ ಹಿಡಿದರು. ಅವರು ಮಷಿನ್ ಕೊಂಡದ್ದು, ನವನಗರದಲ್ಲಿ ಮನೆ ಕಟ್ಟಿಸಿದ್ದು, ಮಗಳಿಗೆ ವರ ಗೊತ್ತುಮಾಡಿದ್ದು ಎಲ್ಲ ದೇವರ ಮುಂದೆ ಚೀಟಿ ಎತ್ತಿಯೇ.

“ಒಂದರಾಗ ಬೇಕು, ಇನ್ನೊಂದರಾಗ ಬ್ಯಾಡ ಅಂತ ಬರದು ತಾ,” ಎಂದು ನನಗೆ ಹೇಳಿದರು. “ದೇವರು ಹೇಳಿದಂಗ ಆಗ್ಲಿ.”

ಕತ್ತರಿಸಿ ಉಳಿದ ಕಾಗದದ ಚೂರಿಗೆ ನಮ್ಮಲ್ಲಿ ಬರವಿಲ್ಲ. ಎರಡು ಚೀಟಿ ಬರೆದೆ. ದೇವರಿಗೆ ಗೊಂದಲ ಆಗಬಾರದೆಂದು ಎರಡರಲ್ಲೂ ‘ಬ್ಯಾಡ’ ಎಂದೇ ಬರೆದು, ಮಡಚಿ ಒಂದು ತಟ್ಟೆಯಲ್ಲಿಟ್ಟೆ. ವೈನಿ ತಟ್ಟೆಯನ್ನು ಒಳಗೆ ಒಯ್ದು, ಚೀಟಿಗಳಿಗೆ ವಿಭೂತಿ ಹಚ್ಚಿ ದೇವರ ಮುಂದೆ ತಂದಿಟ್ಟರು. ಮಾಲಕರು ಕಣ್ಣು ಮುಚ್ಚಿ ಒಂದನ್ನು ಎತ್ತಿ, ಬಿಚ್ಚಿ, ಎಲ್ಲರಿಗೂ ಕೇಳುವಂತೆ ಓದಿದರು.

“ಬೇಕು.”

ಚೀಟಿ ತಟ್ಟೆಗಿಟ್ಟು ದೇವರಿಗೆ ಅಡ್ಡಬಿದ್ದರು. ನಾನು ಇಣುಕಿದೆ. ನನ್ನ ಅಕ್ಷರವಲ್ಲ. ಟೈಪ್ ಮಾಡಿ ಪ್ರಿಂಟ್ ತೆಗೆದದ್ದು. ನಾಲ್ಕೂ ಮೂಲೆಗೆ, ಎಲ್ಲಿ ಕತ್ತರಿಸಬೇಕೆಂದು ತೋರಿಸುವ ಕಟಿಂಗ್ ಮಾರ್ಕ್ ಸಹಿತ.

“ವೈನಿ, ಇದು ನಾ ಬರದ ಚೀಟಿ ಅಲ್ರಿ,” ಎಂದು ಪಿಸುಗುಟ್ಟಿದೆ. ಆ ಪ್ರೆಸ್ಸಿನಲ್ಲಿ ನಾನು ಆಡಿದ ಮೊದಲ ಖರೇ ಮಾತು ಅದೇ ಇರಬೇಕು.

ವೈನಿ ಸೆರಗಿನ ತುದಿಯ ಗಂಟು ಮುಟ್ಟಿ ತೋರಿಸಿದರು. “ಹೌದ್ರಿ. ನೀವು ಬರದದ್ದು ಎರಡೂ ಇಲ್ಲೇ ಅದಾವ. ಅವರು ಎದ್ದ ಮ್ಯಾಲ ಬಿಚ್ಚಿ ಓದ್ಲೇನು?”

ನಾನು ಮಾಲಕರ ಪಕ್ಕದಲ್ಲೇ ಅಡ್ಡಬಿದ್ದೆ. ಅವರು ಎದ್ದ ಮೇಲೂ ಸುಮಾರು ಹೊತ್ತು ಏಳಲಿಲ್ಲ.