ಅಂಗಡಿಯಲ್ಲಿ ಯಾರೂ ಇಲ್ಲವೇ?

ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಹೆಂಗಸೊಬ್ಬಳು ಕೂತರೆ ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಚನ್ನಗಿರಿಯ ನನ್ನ ಅಂಗಡಿಗೆ ಬರುವವರು ಮೊದಲು ನನ್ನನ್ನು ನೋಡುತ್ತಾರೆ, ಆಮೇಲೆ ನನ್ನ ಹಿಂದಿನ ಗೋಡೆ ನೋಡುತ್ತಾರೆ, ಕೊನೆಗೆ ಅಂಗಡಿಯಲ್ಲಿ ಯಾರೂ ಇಲ್ಲವೇ ಎಂದು ನನ್ನನ್ನೇ ಕೇಳುತ್ತಾರೆ.

ಕಾದು ಹೋದವರು

ಹೊನ್ನಾಳಿಯ ಗೊಬ್ಬರದ ಅಂಗಡಿಯವರು ಕಂಪ್ಯೂಟರ್ ತಂದರು. ಡಿಸ್ಕೇ ಇಲ್ಲ ಅನ್ನುತ್ತದಂತೆ. ರಿಪೇರಿಯವರು ಬರಲಿ ಎಂದು ಪೇಪರ್ ಓದುತ್ತಾ ಕೂತರು. ನಾನು ಬಿಚ್ಚಿ ನೋಡಿದೆ, ಕೇಬಲ್ ಸಡಿಲವಾಗಿತ್ತು.

ಕಂಪ್ಯೂಟರ್ ಆನ್ ಮಾಡಿದಾಗ ಅದರೊಳಗಿನ ಎಲ್ಲ ಭಾಗಗಳನ್ನೂ ನಡೆಸುವ ಕರ್ನಲ್ ಎಂಬ ಯಜಮಾನ ಡಿಸ್ಕುಗಳ ದಾರಿಯಲ್ಲಿ ಒಂದೊಂದೇ ಬಾಗಿಲು ತಟ್ಟುತ್ತಾ ಹೋಗುತ್ತಾನೆ. ಯಾರಿದ್ದೀರಿ, ಎಂಥವರು, ನಿಮ್ಮಲ್ಲಿ ಎಷ್ಟು ಹಿಡಿಸುತ್ತದೆ ಎಂದು ಕೇಳುತ್ತಾನೆ. ಉತ್ತರ ಕೊಟ್ಟವರು ಇದ್ದಾರೆ, ಕೊಡದವರು ಇಲ್ಲ. ಉತ್ತರ ಕೊಟ್ಟವರ ಮುಖ ನೋಡಿ ಯಾರೂ ಇಲ್ಲ ಅನ್ನುವ ಬುದ್ಧಿ ಮಾತ್ರ ಅವನಿಗಿಲ್ಲ. ಕೇಬಲ್ ಒತ್ತಿದೆ, ಡಿಸ್ಕ್ ಬಂತು.

ಅವರು ಪೇಪರ್ ಮಡಚಿ ಎದ್ದರು. "ಅವ್ರು ಬಂದ್ರೆ ಹೇಳಮ್ಮ, ಹೊನ್ನಾಳಿಯವ್ರು ಕಾದೂ ಕಾದೂ ಹೋದ್ರು ಅಂತ. ಪುಣ್ಯಕ್ಕೆ ಅಷ್ಟರಾಗೆ ತಾನೇ ಸರಿ ಹೋತು."

ಒಂದೇ ಕುರ್ಚಿ

ನ್ಯಾಮತಿ ಕಡೆಯ ಮೇಷ್ಟ್ರೊಬ್ಬರು ಶಾಲೆಗೆ ದಾನವಾಗಿ ಬಂದ ಹಳೆಯ ಕಂಪ್ಯೂಟರ್ ತಂದರು. ಒಳಗಿನ ಎರಡು ಡಿಸ್ಕೂ ನಾನೇ ಮೊದಲನೆಯವನು ಎಂದು ಹೇಳುವ ಹಾಗೆ ಯಾರೋ ಪಿನ್ನು ಸಿಕ್ಕಿಸಿದ್ದರು. ಕರ್ನಲ್ ಒಬ್ಬನನ್ನು ಕರೆದರೆ ಇಬ್ಬರೂ ಒಟ್ಟಿಗೆ ಉತ್ತರ ಕೊಡುತ್ತಿದ್ದರು, ಯಾವ ಮಾತೂ ತಿಳಿಯುತ್ತಿರಲಿಲ್ಲ. ಒಂದರ ಪಿನ್ನು ಬದಲಿಸಿ ಎರಡನೆಯವನಾಗಿ ಮಾಡಿದೆ.

ಮೇಷ್ಟ್ರು ಬಹಳ ಹೊತ್ತು ಆ ಪಿನ್ನನ್ನೇ ನೋಡಿದರು. ಅವರ ಶಾಲೆಯಲ್ಲಿ ಇಬ್ಬರು ಇನ್‌ಚಾರ್ಜ್ ಹೆಡ್‌ಮಾಸ್ಟರಂತೆ. "ಇಂಥ ಪಿನ್ನು ಇನ್ನೊಂದು ಐತೇನಮ್ಮ?"

ಎರಡನೇ ಕೂಗು

ಜಗಳೂರಿನ ಮದುವೆ ಫೋಟೋದವರು ಡಿಸ್ಕನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಬಂದರು. ಅದರಲ್ಲಿದ್ದದ್ದು ಅವರ ಸ್ವಂತ ಭಾವಮೈದನ ಮದುವೆಯ ವಿಡಿಯೋ. ಬೇರೆ ಪ್ರತಿ ಇಲ್ಲ. ಭಾನುವಾರ ಬಿಳಿಚೋಡಿನಿಂದ ಮಾವನ ಮನೆಯವರೆಲ್ಲ ನೋಡಲು ಬರುವವರಿದ್ದರು. ವಿಡಿಯೋ ಸಿಗದಿದ್ದರೆ ನೀವೂ ಮನೆಗೆ ಬರಬೇಡಿ ಎಂದು ಹೆಂಡತಿ ಹೇಳಿಯಾಗಿತ್ತು. ಮನುಷ್ಯ ಬೆವೆತು ಹೋಗಿದ್ದರು, ನನಗೂ ಪಾಪ ಅನ್ನಿಸಿತು.

ಕೊಡಿ ಎಂದು ಕೈ ಚಾಚಿದೆ. ಅವರು ಟವೆಲ್ ಎದೆಗೆ ಒತ್ತಿಕೊಂಡರು. "ನೀವು ಮುಟ್ಟಬ್ಯಾಡ್ರಿ ಅಕ್ಕ, ನಿಮ್ಮ ಯಜಮಾನ್ರು ಬರ್ಲಿ." ಈಗ ಪಾಪ ಹೋಗಿ ಸಿಟ್ಟು ಬಂತು. ನನ್ನ ಯಜಮಾನರು ಸಂತೇಬೆನ್ನೂರಿನಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುವವರು. ಟಿವಿ ರಿಮೋಟಿಗೆ ಸೆಲ್ ಹಾಕಲೂ ನನ್ನನ್ನೇ ಕರೆಯುತ್ತಾರೆ.

ಮಧ್ಯಾಹ್ನ ಯಜಮಾನರು ನನಗೆ ಊಟದ ಡಬ್ಬಿ ತಂದರು. ಫೋಟೋದವರು ಎದ್ದು ಕೈಮುಗಿದು ಡಿಸ್ಕನ್ನು ಅವರ ಕೈಗಿಟ್ಟು ಕಷ್ಟವೆಲ್ಲ ಹೇಳಿಕೊಂಡರು. ಯಜಮಾನರು ಗಂಭೀರವಾಗಿ ಕೇಳಿ, ಡಿಸ್ಕನ್ನು ಹಿಂದೆ ಮುಂದೆ ತಿರುಗಿಸಿ, ನನ್ನ ಕೈಗೆ ಕೊಟ್ಟರು.

ಜೋಡಿಸಿದೆ. ಕರ್ನಲ್ ಕೇಳಿದ, ಉತ್ತರವಿಲ್ಲ. ಫೋಟೋದವರು ಕಣ್ಣು ಮುಚ್ಚಿಕೊಂಡರು. ಕಿವಿಗೊಟ್ಟರೆ ಡಿಸ್ಕು ಆಗಷ್ಟೇ ತಿರುಗಲು ಶುರುಮಾಡಿತ್ತು. ಹಳೆಯ ಜೀವ, ಎದ್ದು ಬಾಗಿಲಿಗೆ ಬರುವಷ್ಟರಲ್ಲಿ ಕರ್ನಲ್ ಮುಂದೆ ಹೋಗಿಬಿಟ್ಟಿದ್ದ. ನಮ್ಮ ಕಡೆ ಒಂದೇ ಸಲ ಕೂಗಿದರೆ ಯಾರೂ ಓಗೊಡುವುದಿಲ್ಲ, ಕೂಗಿದ್ದು ದೆವ್ವವಿರಬಹುದು ಅಂತ. ಇದೂ ನಮ್ಮ ಕಡೆಯದೇ ಡಿಸ್ಕು ಎಂದುಕೊಂಡು, ಅದು ಪೂರಾ ತಿರುಗಿದ ಮೇಲೆ ಇನ್ನೊಮ್ಮೆ ಕೂಗಲು ಕರ್ನಲ್‌ಗೆ ಆಜ್ಞೆ ಕೊಟ್ಟೆ. ಓಗೊಟ್ಟಿತು. ಪರದೆಯ ಮೇಲೆ ಭಾವಮೈದ ತಾಳಿ ಕಟ್ಟಿದ.

ಫೋಟೋದವರು ಕಣ್ಣೊರೆಸಿಕೊಂಡು ಹೆಂಡತಿಗೆ ಫೋನ್ ಮಾಡಿದರು. "ಸಿಕ್ತು ಕಣೆ. ಬೆಳಿಗ್ಗಿಂದ ಯಾರೂ ಇರ್ಲಿಲ್ಲ. ಯಜಮಾನ್ರು ಡಬ್ಬಿ ತಗಂಡು ಬಂದು ಹಿಂಗೆ ಒಂದ್ಸಲ ಕೈಯಾಗೆ ಹಿಡಿದ್ರು ನೋಡು, ಅಷ್ಟೆ."

ಸುದ್ದಿ ಜಗಳೂರೆಲ್ಲ ಹಬ್ಬಿದೆ. ಈಗ ಅಲ್ಲಿಂದ ಬರುವವರು ಅಂಗಡಿಯಲ್ಲಿ ಯಾರೂ ಇಲ್ಲವೇ ಎಂದು ಕೇಳುವುದಿಲ್ಲ. ಊಟದ ಡಬ್ಬಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳುತ್ತಾರೆ.